ಟೀಚರಕ್ಕನ ಸ್ಲೇಟು

ನಮ್ಮವರ ಅಕ್ಕನನ್ನು ಬೀದಿಯವರೆಲ್ಲ ಟೀಚರಕ್ಕ ಎಂದೇ ಕರೆಯುತ್ತಿದ್ದರು. ಅವರು ಮದುವೆಯಾಗಲಿಲ್ಲ. ಹತ್ತನೆಯ ಕ್ಲಾಸಿನಲ್ಲಿ ಇಂಗ್ಲಿಷು ಕೈಕೊಟ್ಟ ಮಕ್ಕಳಿಗೆ ಸಂಜೆ ನಡುಮನೆಯಲ್ಲಿ ಪಾಠ ಹೇಳುವುದೇ ಅವರ ಬದುಕು. ನಮ್ಮವರು ತೀರಿಕೊಂಡ ಮೇಲೆ ನನ್ನನ್ನು ಕರೆತಂದು ಒಳಕೋಣೆ ಬಿಟ್ಟುಕೊಟ್ಟರು. ನಾನು ಓದಿದ್ದು ಮೂರನೆಯ ಕ್ಲಾಸು. ದರ್ಜಿ ಅಂಗಡಿಯಿಂದ ಅಂಗಿಗಳನ್ನು ತಂದು ಕಾಜಾ ಹೊಲಿದು ಗುಂಡಿ ಹಾಕುತ್ತ, ಬಾಗಿಲ ಸಂದಿಯಿಂದ ಪಾಠ ಕೇಳುತ್ತಿದ್ದೆ. ನಾಲ್ಕು ಜನರೆದುರು ಬಾಯಿಬಿಟ್ಟವಳೇ ಅಲ್ಲ ನಾನು.

ಒಬ್ಬರಾಡಿದ ಮಾತನ್ನು ಇನ್ನೊಬ್ಬರಿಗೆ ಇಂಗ್ಲಿಷಿನಲ್ಲಿ ತಿಳಿಸುವ ಪಾಠ ಬಂತೆಂದರೆ ಮನೆಯೆಲ್ಲ ಓಡಾಟ. ಬೀದಿ ಬಾಗಿಲಲ್ಲಿ ಒಬ್ಬಳು, ಅಡಿಗೆಮನೆ ಬಾಗಿಲಲ್ಲಿ ಒಬ್ಬಳು, ನಡುವೆ ಮಾತು ಹೊರುವವಳು ಮತ್ತೊಬ್ಬಳು. ಇಲ್ಲಿ ‘ನಾನು’ ಎಂದದ್ದು ಅಲ್ಲಿಗೆ ಮುಟ್ಟುವಷ್ಟರಲ್ಲಿ ‘ಅವಳು’ ಆಗಬೇಕು, ‘ನಾಳೆ’ ಎಂದದ್ದು ‘ಮರುದಿನ’ ಆಗಬೇಕು.

“ಮಾತು ದಾರೀಲಿ ಅಂಗಿ ಬದಲಾಯಿಸ್ಕೊಳ್ಳುತ್ತೆ ಕಣ್ರೇ, ಮೈ ಬದಲಾಯಿಸ್ಕೊಳ್ಳಲ್ಲ,” ಎನ್ನುತ್ತಿದ್ದರು ಅಕ್ಕ. ತಪ್ಪಿದವಳಿಗೆ ಬಿರುಸಾದ ಬೈಗುಳ ಬೀಳುತ್ತಿತ್ತು, ಬೈಸಿಕೊಂಡವಳೇ ಎಲ್ಲರಿಗಿಂತ ಮೊದಲು ನಗುತ್ತಿದ್ದಳು.

ಆ ವರ್ಷ ಅವರ ಗಂಟಲಿನಲ್ಲಿ ಗಂಟು ಕಾಣಿಸಿಕೊಂಡಿತು. ಆಪರೇಷನ್ ಆಯಿತು. ಮೂರು ತಿಂಗಳು ಪಿಸುಮಾತೂ ಕೂಡದು ಎಂದರು ಡಾಕ್ಟರು. ಪರೀಕ್ಷೆಗೆ ಉಳಿದಿದ್ದದ್ದು ಎರಡೇ ತಿಂಗಳು. ಅಕ್ಕ ಅಟ್ಟದಿಂದ ಹಳೆಯ ಸ್ಲೇಟು ಇಳಿಸಿದರು. ಇಂಗ್ಲಿಷನ್ನು ತಾವೇ ಬೋರ್ಡಿನ ಮೇಲೆ ಬರೆಯುವುದು, ವಿವರಣೆಯನ್ನು ಸ್ಲೇಟಿನಲ್ಲಿ ಬರೆದು ನನ್ನ ಕೈಗೆ ತುರುಕುವುದು. ನಾನು ಅಕ್ಷರ ಕೂಡಿಸಿ ಕೂಡಿಸಿ ಓದುವುದು. ಮಕ್ಕಳು ನನಗೆ ‘ಮೈಕಕ್ಕ’ ಎಂದು ಹೆಸರಿಟ್ಟರು.

ಸ್ಲೇಟಿನ ತುಂಬ ಬೈಗುಳವೇ ಇದ್ದಾಗ ನನಗೆ ಓದಲು ನಾಲಿಗೆ ಏಳುತ್ತಿರಲಿಲ್ಲ. “ಇನ್ನೊಂದ್ಸಲ ನೋಡ್ಕೋಬೇಕಂತೆ ಕಂದಾ,” ಎಂದುಬಿಡುತ್ತಿದ್ದೆ. ಅಕ್ಕನಿಗೆ ದನಿ ಹೋಗಿತ್ತೇ ಹೊರತು ಕಿವಿ ಹೋಗಿರಲಿಲ್ಲ. ಅವರ ಮುಖ ಕೆಂಡ, ನನ್ನ ಮಾತು ಬೆಣ್ಣೆ. ಮಕ್ಕಳು ಇಬ್ಬರನ್ನೂ ನೋಡಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಆದರೆ ಬರಬರುತ್ತ ಆ ನಗುವೂ ನಿಂತು, ಕ್ಲಾಸು ಯಾರದೋ ಮನೆಗೆ ನೆಂಟರಾಗಿ ಬಂದವರ ಹಾಗೆ ಸಪ್ಪಗೆ ಕೂರತೊಡಗಿತು. ಹನ್ನೆರಡು ಜನರಲ್ಲಿ ಐವರು ಬಿಟ್ಟು ಹೋದರು. ಮಕ್ಕಳಿಲ್ಲದ ನಡುಮನೆಯಲ್ಲಿ ಅಕ್ಕ ಹೆಚ್ಚು ದಿನ ಬಾಳುವವರಲ್ಲ ಎಂದು ನನಗೆ ಗೊತ್ತಿತ್ತು. ಅದೇ ನನ್ನ ಹೆದರಿಕೆ.

ಒಂದು ಸಂಜೆ ಸೈಕಲ್ ಅಂಗಡಿಯವನ ಹೆಂಡತಿ ಚಪ್ಪಲಿ ಕಳಚದೆ ಹೊಸಿಲ ಮೇಲೆ ನಿಂತಳು. ಅವಳ ಮಗಳನ್ನು ನಾವು ಗುಬ್ಬಿ ಎನ್ನುತ್ತಿದ್ದೆವು. ಆರು ತಿಂಗಳಿಂದ ಬರುತ್ತಿದ್ದರೂ ಕೇಳಿದ್ದಕ್ಕೆ ತಲೆಯಾಡಿಸುವುದು ಬಿಟ್ಟರೆ ಉತ್ತರವಿಲ್ಲ.

“ತಪ್ಪು ತಿಳ್ಕೋಬೇಡಿ ಟೀಚರಕ್ಕಾ. ಇವಳೊಬ್ಬಳು ಮೂಗಿ. ಈಗ ನೀವೂ ಮಾತಾಡಲ್ಲ. ಇಬ್ರೂ ಮುಖ ನೋಡ್ಕೊಂಡು ಕೂತ್ರೆ ಇಂಗ್ಲಿಷ್ ಬರುತ್ತಾ?”

ಅಕ್ಕನ ಬಳಪ ಕಿರ್ರೆಂದಿತು. ‘ನಂಬಿಕೆ ಇಲ್ಲದಿದ್ದರೆ ಈಗಲೇ ಮಗಳನ್ನು ಕರೆದುಕೊಂಡು ಹೋಗಿ.’

ಇವಳೂ ಹೋದರೆ ಉಳಿಯುವುದು ಆರೇ ಜನ. “ಒಂದು ತಿಂಗಳು ತಡ್ಕೊಳ್ಳಿ ಅಂತ ಕೇಳ್ಕೊಳ್ತಿದಾರಮ್ಮ,” ಎಂದೆ.

ಅಕ್ಕ ಸ್ಲೇಟನ್ನು ಟಕಟಕ ಕುಟ್ಟಿದರು. ಆಗ ನನ್ನ ಪಕ್ಕದಲ್ಲಿ ಕೂತು ಸ್ಲೇಟು ಓದುತ್ತಿದ್ದ ಗುಬ್ಬಿ ಎದ್ದು ನಿಂತಳು. ಅಮ್ಮನ ಕಡೆ ತಿರುಗಿ, ಮಾತು ಹೊರುವ ಪಾಠದಲ್ಲಿ ಹೇಳುವ ಹಾಗೆಯೇ, ಎಲ್ಲೂ ತಡವರಿಸದೆ, ಇಷ್ಟುದ್ದದ ಒಂದು ಮಾತನ್ನು ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದಳು.

“ಏನಂದ್ಲು ಇವಳು?” ಅಮ್ಮ ನನ್ನನ್ನು ಕೇಳಿದಳು.

“ನನಗೇನು ಗೊತ್ತಮ್ಮ! ಅವಳನ್ನೇ ಕೇಳಿ.”

“ಟೀಚರಕ್ಕ ಬರ್ದಿದ್ದು ಬೇರೆ ಅಮ್ಮಾ,” ಎಂದಳು ಗುಬ್ಬಿ. “ನಂಬಿಕೆ ಇಲ್ದಿದ್ರೆ ನನ್ನ ಈಗ್ಲೇ ಕರ್ಕೊಂಡು ಹೋಗ್ಬೇಕಂತೆ ನೀನು. ಮೈಕಕ್ಕ ಸುಳ್ಳು ಹೇಳಿದ್ರು.”

ಅಮ್ಮ ಮಗಳನ್ನು ಕೆಳಗಿಂದ ಮೇಲಕ್ಕೆ ನೋಡಿದಳು. “ಮನೇಲಿ ಉಪ್ಪು ಕೊಡು ಅನ್ನೋಕೂ ಬಾಯಿ ಬಿಡಲ್ಲ ಇದು,” ಎಂದು ಅಲ್ಲೇ ಹೊಸಿಲ ಮೇಲೆ ಕೂತುಬಿಟ್ಟಳು. ಆಮೇಲೆ ಅಕ್ಕನ ಕಡೆ ಕೈ ಚಾಚಿ, “ಹೋಗಿ ಅಂದ್ರೆ ಹೋಗ್ಬಿಡ್ತೀನಾ? ನಾನು ಕರ್ಕೊಂಡು ಹೋಗಲ್ಲ, ಏನ್ಮಾಡ್ತೀರೋ ಮಾಡಿ!” ಎಂದಳು.

ಎಲ್ಲರೂ ಹೋದ ಮೇಲೆ ಅಕ್ಕ ನನ್ನನ್ನು ಎದುರು ಕೂರಿಸಿಕೊಂಡು ನಿಧಾನವಾಗಿ ಬರೆದರು. ‘ನನ್ನ ಮಾತಿಗೆ ಸಕ್ಕರೆ ಬೆರೆಸಬೇಡ. ಈಗ ನಾನು ಅಂತ ಇರುವುದು ನಿನ್ನ ಬಾಯಿಯಲ್ಲಿ ಮಾತ್ರ.’

ನನಗೆ ಅಳು ಬಂತು. ಒಳ್ಳೆಯದು ಮಾಡುತ್ತಿದ್ದೇನೆ ಅಂದುಕೊಂಡು ದಿನಾ ಅವರನ್ನು ಸ್ವಲ್ಪ ಸ್ವಲ್ಪವೇ ಅಳಿಸುತ್ತಿದ್ದೆನಲ್ಲ! ಅಕ್ಕ ತಮ್ಮ ಸೆರಗಿನಿಂದಲೇ ನನ್ನ ಕಣ್ಣೊರೆಸಿದರು. ಸೆರಗಿನ ಬಳಪದ ಪುಡಿಯೆಲ್ಲ ನನ್ನ ಕೆನ್ನೆಗೆ ಮೆತ್ತಿಕೊಂಡಿತು.

ಮರುದಿನ ಹಿಂದಿನ ಸಾಲಿನ ಉದ್ದನೆಯ ಹುಡುಗಿ ಮೂರನೆಯ ಸಲ ಅದೇ ತಪ್ಪು ಬರೆದಳು. ಸ್ಲೇಟು ಬಂತು. ನಾನು ಉಸಿರೆಳೆದುಕೊಂಡು, ದನಿ ಏರಿಸಿ, ಇದ್ದದ್ದನ್ನು ಇದ್ದ ಹಾಗೆ ಓದಿದೆ:

“ಏ ತೆಂಗಿನಮರ! ಎತ್ತರ ಮಾತ್ರ ಬೆಳೆದು ತಲೇನ ಮನೇಲಿ ಬಿಟ್ಟು ಬಂದಿದೀಯಾ?”

ಬೈಸಿಕೊಂಡವಳ ಮುಖ ಮೆಲ್ಲಗೆ ಅರಳಿತು. ಪಕ್ಕದವಳ ತೋಳು ಚಿವುಟಿ, “ಲೇ, ನಮ್ಮ ಟೀಚರಕ್ಕ ವಾಪಸ್ ಬಂದ್ರು ಕಣೇ!” ಎಂದಳು.