ನಾನು ತೊಳೆದ ಚೆರ್ರಿ ಹಣ್ಣು

ಗಿರಿಜಾ ಅವರೇ, ಕಳಮೇಶ್ವರದ ನಿಮ್ಮ ಕಾರ್ಖಾನೆ ಮುಚ್ಚುವಂತೆ ಮಾಡಿದವನು ನಾನು. ಹಣೆಬರಹ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೀರಲ್ಲ — ಆ ಹಣೆಬರಹಕ್ಕೆ ಕೈಕಾಲು ಇವೆ. ಅದು ಇದೇ ನಾಗಪುರದ ವಾಡಿಯಲ್ಲಿ ಮನೆ ಮಾಡಿಕೊಂಡು, ಸರ್ಕಾರದ ಪಿಂಚಣಿ ಪಡೆದುಕೊಂಡು, ಹಬ್ಬ ಹುಣ್ಣಿಮೆಗೆ ನಿಮ್ಮ ಕೈಯ ಹೋಳಿಗೆ ತಿಂದುಕೊಂಡು ಚೆನ್ನಾಗಿಯೇ ಇದೆ. ಎದುರು ಕೂತಾಗ ನಿಮ್ಮನ್ನು ‘ತಂಗೀ’ ಎನ್ನುತ್ತೇನೆ, ಮಾತಿನ ಭರದಲ್ಲಿ ಏಕವಚನವೂ ಬಂದುಬಿಡುತ್ತದೆ. ಇಲ್ಲಿ ಬಹುವಚನವೇ ಇರಲಿ. ಆ ಸಲಿಗೆಗೆ ನಾನು ಯೋಗ್ಯನಲ್ಲ.

ಆಗ ನಾನು ಕಸ್ಟಮ್ಸ್‌ನಲ್ಲಿ ಸರಕು ಪರೀಕ್ಷೆ ಮಾಡುವ ಅಧಿಕಾರಿ. ಬೇಕರಿಯವರು ಕೇಕಿನ ಮೇಲಿಡುವ ಕೆಂಪು ಚೆರ್ರಿ ತಯಾರಿಸಲು ನೀವು ಮೊದಲ ಬಾರಿ ಹೊರದೇಶದಿಂದ ಹಣ್ಣು ತರಿಸಿದ್ದಿರಿ — ಒಂದು ಕಂಟೇನರ್ ತುಂಬ ನೀಲಿ ಡ್ರಮ್ಮುಗಳು. ಒಳಗೆ ಉಪ್ಪು ಮತ್ತು ಗಂಧಕದ ನೀರು. ಅದರಲ್ಲಿ ಬಣ್ಣ ಕಳೆದುಕೊಂಡು ಬಿಳಿಚಿದ ಹಣ್ಣು. ಹೀಗೆ ಸದ್ಯಕ್ಕೆ ಕೆಡದಂತೆ ಇಟ್ಟ, ಹಾಗೆಯೇ ತಿನ್ನಲು ಬಾರದ ಹಣ್ಣು ಸುಂಕದ ಪುಸ್ತಕದಲ್ಲಿ ಎಂಟನೆಯ ಅಧ್ಯಾಯಕ್ಕೆ ಸೇರುತ್ತದೆ. ತೆಗೆದು ನೇರ ಬಾಯಿಗೆ ಹಾಕಿಕೊಳ್ಳುವಂಥದ್ದು ಇಪ್ಪತ್ತನೆಯದಕ್ಕೆ, ಅಲ್ಲಿ ತೆರಿಗೆ ಹೆಚ್ಚು. ನೀವು ಎಂಟು ಎಂದು ಬರೆದಿದ್ದಿರಿ. ಸರಿಯಾಗಿಯೇ ಬರೆದಿದ್ದಿರಿ. ನನಗೆ ಆ ಡ್ರಮ್ಮಿನ ಮುಚ್ಚಳ ತೆಗೆದ ಕ್ಷಣವೇ ಗೊತ್ತಾಗಿತ್ತು, ಅಷ್ಟು ಘಾಟು!

ಆದರೂ ನಿಯಮದ ಪ್ರಕಾರ ಮಾದರಿ ಪ್ರಯೋಗಾಲಯಕ್ಕೆ ಹೋಗಬೇಕು. ನಿಮ್ಮೆದುರಿಗೇ ಎರಡು ಗಾಜಿನ ಜಾರುಗಳಲ್ಲಿ ಹಣ್ಣನ್ನೂ ನೀರನ್ನೂ ತುಂಬಿ, ಅರಗಿನ ಮೊಹರು ಹಾಕಿದೆ. ಒಂದು ಪರೀಕ್ಷೆಗೆ, ಇನ್ನೊಂದು ನಮ್ಮ ಕಪಾಟಿನಲ್ಲಿ, ಮುಂದೆ ತಕರಾರು ಬಂದರೆ ಇರಲಿ ಎಂದು. ಆಗಲೇ ನೀವು ನನ್ನ ಮಾತಿನ ಧಾಟಿ ಹಿಡಿದು ಕೇಳಿದಿರಿ, “ಸಾಹೇಬ್ರ, ನೀವು ಗದಗಿನ ಕಡೆಯವ್ರೇನ್ರಿ?” ಹೌದು ಎಂದೆ. ನಿಮ್ಮ ಮುಖ ಎಷ್ಟು ಅರಳಿತು! ಈ ನಾಗಪುರದಲ್ಲಿ ದಿನವಿಡೀ ಹಿಂದಿ, ಮರಾಠಿ ಮಾತಾಡಿ ಬಾಯಿ ಸೋತವರಿಗೆ ಒಂದು ಕನ್ನಡ ಮಾತು ಎಂದರೆ — ನಿಮಗೆ ಬಿಡಿಸಿ ಹೇಳಬೇಕೆ. ಅಂದಿನಿಂದ ನಾನು ‘ಅಣ್ಣಾರ’ ಆದೆ.

ಆ ದಿನ ಶುಕ್ರವಾರ. ಜಾರು ಒಯ್ಯುವ ಜವಾನ ಆಗಲೇ ಮನೆಗೆ ಹೋಗಿದ್ದ. ಸೋಮವಾರ ನಾನೇ ಮುಟ್ಟಿಸಿದರಾಯಿತು ಎಂದು ಪರೀಕ್ಷೆಯ ಜಾರನ್ನು ಸ್ಕೂಟರಿನ ಡಿಕ್ಕಿಯಲ್ಲಿಟ್ಟುಕೊಂಡು ಮನೆಗೆ ಬಂದೆ, ಇಟ್ಟದ್ದನ್ನು ಮರೆತೆ. ನಾಗಪುರದ ಮೇ ತಿಂಗಳ ಬಿಸಿಲು ನಿಮಗೆ ಗೊತ್ತು. ಶನಿವಾರ ಮಧ್ಯಾಹ್ನ ಡಿಕ್ಕಿ ತೆಗೆದರೆ ಅರಗು ಕರಗಿ ಜಾರಿದೆ, ಜಾರು ಉರುಳಿ, ಮುಚ್ಚಳ ಕಳಚಿ ನೀರೆಲ್ಲ ಸೋರಿ ಹೋಗಿದೆ. ಹೊರಬಿದ್ದ ಹಣ್ಣಿಗೆ ಡಿಕ್ಕಿಯ ಮಣ್ಣು, ಎಣ್ಣೆ ಮೆತ್ತಿಕೊಂಡಿದೆ.

ಮಾಡಬೇಕಾದದ್ದು ಸುಲಭವಿತ್ತು. ಜಾರು ಹಾಳಾಯಿತು ಎಂದು ಸಾಹೇಬರಿಗೆ ಹೇಳಿ, ನಿಮ್ಮನ್ನು ಮತ್ತೆ ಕರೆಸಿ, ಡ್ರಮ್ಮು ತೆರೆದು ಬೇರೆ ಮಾದರಿ ತೆಗೆಯುವುದು. ಬೈಗುಳ ಬೀಳುತ್ತಿತ್ತು. ಸರ್ಕಾರಿ ಮಾದರಿಯನ್ನು ಮನೆಗೇಕೆ ಒಯ್ದೆ ಎಂದು ಲಿಖಿತ ಉತ್ತರ ಕೊಡಬೇಕಾಗುತ್ತಿತ್ತು; ನನ್ನ ಬಡ್ತಿಯ ಕಡತ ಆಗ ಮೇಲೆ ಹೋಗಿತ್ತು... ಸಾಕು, ಇದನ್ನು ಬರೆಯುತ್ತಿದ್ದರೆ ನೆಪದಂತೆ ಕೇಳಿಸುತ್ತದೆ. ನಾನು ಅಡಿಗೆಮನೆಯ ಸಿಂಕಿನಲ್ಲಿ ಹಣ್ಣನ್ನು ತೊಳೆದು, ಜಾರಿಗೆ ನಲ್ಲಿ ನೀರು ತುಂಬಿದೆ. ನೀರು ಕದಡಿತು. ಚೆಲ್ಲಿ ಮತ್ತೆ ತುಂಬಿದೆ. ಭಾನುವಾರ ಮತ್ತೆ. ಸೋಮವಾರಕ್ಕೆ ತಿಳಿಯಾಯಿತು. ಕಚೇರಿಗೆ ಹೋಗಿ ಹೊಸ ಅರಗು ಸುರಿದು, ಮೊಹರು ಒತ್ತಿ ಕಳಿಸಿಬಿಟ್ಟೆ.

ದೇವರಾಣೆಗೂ ಆಗ ನನಗೆ ಹೊಳೆದಿರಲಿಲ್ಲ ಎಂದರೆ ನಂಬುತ್ತೀರಾ? ನಂಬಬೇಡಿ. ಇಪ್ಪತ್ತು ವರ್ಷ ಅದೇ ಕೆಲಸ ಮಾಡಿದವನು. ಉಪ್ಪು, ಗಂಧಕ ಬಿಡುವ ತನಕ ಹಣ್ಣನ್ನು ನೀರು ಬದಲಿಸಿ ನೆನೆಸುವುದು ನಿಮ್ಮ ಕಾರ್ಖಾನೆಯ ಮೊದಲ ಕೆಲಸ. ಅದನ್ನೇ ನಾನು ನನ್ನ ಮನೆಯಲ್ಲಿ ಮಾಡಿ, ಹೊರದೇಶದಿಂದ ಹಾಗೇ ಬಂದದ್ದು ಎಂದು ಮೊಹರು ಒತ್ತಿದ್ದೆ.

ವರದಿ ಬಂತು: ಉಪ್ಪು, ಗಂಧಕ ಅತ್ಯಲ್ಪ, ಇದ್ದ ಸ್ಥಿತಿಯಲ್ಲೇ ತಿನ್ನಲು ಯೋಗ್ಯ. ತೆರಿಗೆ ತಪ್ಪಿಸಲು ಸುಳ್ಳು ಘೋಷಣೆ ಮಾಡಿದ್ದೀರಿ ಎಂದು ನಿಮಗೆ ನೋಟಿಸು ಹೋಯಿತು. ನೀವು ಸಿವಿಲ್ ಲೈನ್ಸ್‌ನ ನಮ್ಮ ಕಚೇರಿಗೆ ಓಡಿ ಬಂದಿರಿ. ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ನೇರ ನನ್ನ ಮೇಜಿಗೇ ಬಂದಿರಿ.

“ಅಣ್ಣಾರ, ನನ್ನ ಹಣ್ಣ ಬಾಯಾಗ ಇಟ್ಕೊಂಡು ನೋಡ್ರಿ. ಥೂ ಅಂತ ಉಗುಳ್ಲಿಲ್ಲಂದ್ರ ನನ್ನ ಹೆಸರ ಬ್ಯಾರೆ ಇಡ್ರಿ. ಆ ಇನ್ನೊಂದ ಜಾರ ಐತಲ್ಲ ಕಪಾಟನ್ಯಾಗ, ಅದನ್ನ ಕಳಸ್ರಿ. ಮರುಪರೀಕ್ಷೆ ಕೇಳಿ ಬರಕೊಡ್ತೀನಿ.”

ಆ ಇನ್ನೊಂದು ಜಾರು ಹೋಗಿದ್ದರೆ ನೀವು ಉಳಿಯುತ್ತಿದ್ದಿರಿ. ನಾನು ಸಿಕ್ಕಿಬೀಳುತ್ತಿದ್ದೆ. ಎರಡೂ ನನಗೆ ಸ್ಪಷ್ಟವಾಗಿ ಗೊತ್ತಿತ್ತು, ಗಿರಿಜಾ ಅವರೇ — ಗೊತ್ತಿದ್ದೇ ಮಾತಾಡಿದೆ.

“ಬ್ಯಾಡ ತಂಗಿ. ಮರುಪರೀಕ್ಷೆ ಅಂದ್ರ ತಿಂಗಳಾನಗಟ್ಟಲೆ ಆಕ್ಕೈತಿ. ಕಂಟೇನರ್ ಬಿಸಿಲಾಗ ಕುಂದರ್ತೈತಿ, ದಿನಾ ಬಾಡಿಗಿ ಏರ್ತೈತಿ. ವರ್ಗೀಕರಣ ತಪ್ಪಾತು ಅಂತ ಬರದು, ಹೆಚ್ಚಿನ ತೆರಿಗಿ ಕಟ್ಟಿ, ಜಲ್ದಿ ಬಿಡಿಸ್ಕೊಂಡ ಹೋಗ್ರಿ. ಮುಂದಿಂದಕ್ಕ ನಾ ಅದೀನಿ.”

ನಾ ಅದೀನಿ. ಬೇಲಿಯೇ ಎದ್ದು ಹೊಲ ಮೇಯ್ದದ್ದು ಈ ಎರಡು ಮಾತಿನಿಂದ. ಬೇರೆ ಅಧಿಕಾರಿ ಹಿಂದಿಯಲ್ಲಿ ಹೇಳಿದ್ದರೆ ನೀವು ಜಗಳಕ್ಕೆ ನಿಲ್ಲುತ್ತಿದ್ದಿರಿ, ನನಗೆ ಗೊತ್ತು. ನಾನು ಕನ್ನಡದಲ್ಲಿ ಹೇಳಿದೆ, ತಂಗಿ ಎಂದೆ. ನೀವು ನನ್ನ ಮೇಜಿನ ಪೆನ್ನು ಎತ್ತಿಕೊಂಡು, “ನೀವು ಹೇಳ್ತೀರಂದ್ಮ್ಯಾಲ ಮುಗೀತ್ರಿ” ಎಂದು ಸಹಿ ಹಾಕಿದಿರಿ.

ಸುಳ್ಳು ಘೋಷಣೆ ಎಂದು ಒಮ್ಮೆ ದಾಖಲಾದವರ ಸರಕು ಆಮೇಲೆ ಸುಲಭವಾಗಿ ಬಿಡುಗಡೆಯಾಗುವುದಿಲ್ಲ. ನಿಮ್ಮ ಮುಂದಿನ ಕಂಟೇನರುಗಳ ಒಂದೊಂದು ಡ್ರಮ್ಮನ್ನೂ ತೆರೆದು ನೋಡಿದರು. ಕ್ರಿಸ್‌ಮಸ್ ಕೇಕಿಗೆ ಬೇಕಾದ ಚೆರ್ರಿ ಸಂಕ್ರಾಂತಿಗೆ ತಯಾರಾದರೆ ಯಾವ ಬೇಕರಿಯವನು ಕಾಯುತ್ತಾನೆ? ಗಿರಾಕಿಗಳು ಬಿಟ್ಟರು. ಕೆಲಸದ ಹೆಂಗಸರನ್ನು ನೀವು ಸೀರೆ ಕೊಟ್ಟು ಕಳಿಸಿದಿರಿ, ಪಾಕದ ಕಡಾಯಿಗಳನ್ನು ಮಾರಿದಿರಿ. ಬೀಗ ಹಾಕಿದ ದಿನ ನಾನೂ ಬಂದಿದ್ದೆ, ಸಮಾಧಾನ ಹೇಳಲು! ಆಗ ನೀವು, “ಹೋಗ್ಲಿ ಬಿಡ್ರಿ ಅಣ್ಣಾರ, ಕಾನೂನು ನನಗ ಬರೋಬರ್ ತಿಳೀಲಿಲ್ಲ” ಎಂದಿರಿ. ನಿಮ್ಮ ಸ್ವಂತ ತಿಳಿವಳಿಕೆಯ ಮೇಲೆ ನಿಮಗಿದ್ದ ನಂಬಿಕೆಯನ್ನೂ ನಾನೇ ಕೆಡಿಸಿದ್ದೆ. ಅಂದೂ ಬಾಯಿ ಬಿಡಲಿಲ್ಲ. ನೀವು ಕೊಟ್ಟ ಚಹಾ ಕುಡಿದು ಬಂದೆ.

ಅವಧಿ ಮುಗಿದ ಮೇಲೆ ಕಪಾಟಿನ ಜಾರನ್ನು ನಾಶಪಡಿಸುವ ಸರದಿಯೂ ನನ್ನದೇ. ಮುಚ್ಚಳ ತೆಗೆದರೆ ಅದೇ ಘಾಟು, ಕಣ್ಣಲ್ಲಿ ನೀರು ಬಂತು. ಯಾಕೋ ಒಂದು ಹಣ್ಣು ಬಾಯಿಗೆ ಹಾಕಿಕೊಂಡೆ. ತಕ್ಷಣ ಉಗುಳಿದೆ. ಉಳಿದದ್ದನ್ನು ಚೆಲ್ಲಿ ನಲ್ಲಿ ಬಿಟ್ಟೆ.

ಆಮೇಲೆ ಬಡ್ತಿ ಬಂತು, ನಿವೃತ್ತಿಯೂ ಆಯಿತು. ನಾಚಿಕೆಗೇಡಿ ಮನುಷ್ಯ, ನಿಮ್ಮ ಮನೆಗೆ ಬರುವುದನ್ನು ಮಾತ್ರ ಬಿಡಲಿಲ್ಲ. ಬಿಟ್ಟರೆ ನಿಮಗೆ ಸಂಶಯ ಬಂದೀತು ಎಂಬ ಅಂಜಿಕೆ ಮೊದಮೊದಲು. ಬರಬರುತ್ತ ನಿಮ್ಮ ಮನೆ ನನಗೆ ನಿಜವಾಗಿಯೂ ತಂಗಿಯ ಮನೆಯೇ ಆಯಿತು, ಅದನ್ನು ಹೇಗೆ ಹೇಳಲಿ...

ಹೋದ ವಾರ ನೀವು ನಿಮ್ಮ ಮಗಳು ಪೂಜಾಳನ್ನು ಕರೆದುಕೊಂಡು ಲಗ್ನದ ಅಕ್ಷತೆ ಕೊಡಲು ಬಂದಿರಿ. ತಾಂಬೂಲ ಮುಂದಿಟ್ಟು, “ತವರ ಕಡೆ ನನಗ ಯಾರೂ ಉಳಿದಿಲ್ಲರಿ. ಇಕೀ ಲಗ್ನದಾಗ ಸೋದರಮಾವನ ಜಾಗಾದಾಗ ನೀವ ನಿಂದರಬೇಕು” ಎಂದಿರಿ. ಪೂಜಾ ಕಾಲಿಗೆರಗಿ, “ಮಾಮಾ, ಯಾಯಲಾಚ್ ಪಾಹಿಜೆ” ಎಂದಳು. ಬರಲೇಬೇಕಂತೆ. ನಾನು ಅವಳ ತಲೆಯ ಮೇಲೆ ಕೈ ಇಟ್ಟೆ.

ಇವತ್ತು ಬೆಳಿಗ್ಗೆ ಹಳೆಯ ಕಚೇರಿಗೆ ಹೋಗಿ, ಮಾದರಿಯನ್ನು ಕೆಡಿಸಿದವನು ನಾನೇ ಎಂದು ಲಿಖಿತ ಹೇಳಿಕೆ ಕೊಟ್ಟು ಬಂದಿದ್ದೇನೆ. ಅವರು ಏನು ಮಾಡುತ್ತಾರೋ ಮಾಡಲಿ. ಅದರಿಂದ ಕಾರ್ಖಾನೆ ಮರಳಿ ಬರುವುದಿಲ್ಲ. ದಾಖಲೆಯಲ್ಲಿ ನಿಮ್ಮ ಹೆಸರಿನ ಮುಂದಿರುವ ಕಳಂಕವಾದರೂ ಹೋಗಲಿ. ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ನೀವು ಕ್ಷಮಿಸಿಬಿಡುತ್ತೀರಿ ಎಂಬ ಹೆದರಿಕೆ ನನಗೆ.

ಸೋದರಮಾವನ ಜಾಗಕ್ಕೆ ಬೇರೆ ಯಾರನ್ನಾದರೂ ನಿಲ್ಲಿಸಿ. ಮಾಮಾ ಯಾಕೆ ಬರಲಿಲ್ಲ ಎಂದು ಪೂಜಾ ಕೇಳಿದರೆ, ಮೈಗೆ ಆರಾಮಿಲ್ಲ ಎಂದು ಹೇಳಬೇಡಿ. ಇದ್ದದ್ದನ್ನೇ ಹೇಳಿ. ನನ್ನ ಮಾತು ಕೇಳಿ ನೀವು ಒಮ್ಮೆ ಸುಳ್ಳಿಗೆ ಸಹಿ ಹಾಕಿದ್ದು ಸಾಕು.