ತಪ್ಪಕ್ಷರ ಓದುವ ಅಕ್ಷರಕ್ಕ

ಬೀದಿದೀಪಗಳು ಇನ್ನೂ ಆರಿಲ್ಲ. ಆಸ್ಪತ್ರೆಯ ಹಿಂಬದಿಯ ಕಟ್ಟಡದಲ್ಲಿ ಈಗಷ್ಟೇ ಒರೆಸಿದ ನೆಲ ಒದ್ದೆಯಾಗಿದೆ. ಮೂರನೇ ಮಹಡಿಯ ಪ್ರಯೋಗಾಲಯದ ಬಾಗಿಲಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ವಾಚು ಬಿಚ್ಚಿ ಚೀಲಕ್ಕೆ ಹಾಕಿ, ಬಿಳಿ ಕೋಟು ತೊಟ್ಟು ಒಳಗೆ ಹೋಗುತ್ತಾರೆ. ರಾತ್ರಿಯಿಡೀ ಓಡಿದ ಯಂತ್ರ ಆಗಲೇ ನಿಂತಿದೆ. ಕನ್ನಡಕವನ್ನು ಹಣೆಗೇರಿಸಿ, ಮುಖವನ್ನು ಕಂಪ್ಯೂಟರ್ ಪರದೆಯ ಹತ್ತಿರಕ್ಕೆ ತಂದು, ಅವರು ಓದಲು ಶುರುಮಾಡುತ್ತಾರೆ.

ಅವರ ಕೆಲಸ ನೋಡಲು ಬಂದ ನನಗೆ ಪರದೆಯ ಮೇಲೆ ಕಾಣುವುದು ಸಾಲುಸಾಲು ಪುಟ್ಟ ಗುಡ್ಡಗಳು, ಅಷ್ಟೇ. ಹಸಿರು, ನೀಲಿ, ಕಪ್ಪು, ಕೆಂಪು. ಒಂದೊಂದು ಬಣ್ಣವೂ ಒಂದೊಂದು ಅಕ್ಷರ. ಎಚ್‌ಐವಿ ವೈರಸ್ಸಿನ ಇಡೀ ಬರಹ ಇರುವುದು ಈ ನಾಲ್ಕೇ ಅಕ್ಷರಗಳಲ್ಲಿ. ಅದು ಎಲ್ಲಿ ಬದಲಾಗಿದೆ, ಆ ಬದಲಾವಣೆಯಿಂದ ಯಾವ ಔಷಧಿ ಕೈಕೊಟ್ಟಿದೆ ಎಂದು ಹುಡುಕುವುದೇ ಇವರ ಕೆಲಸ. ಹಾಗಾಗಿ ಇಲ್ಲಿ ಎಲ್ಲರ ಬಾಯಲ್ಲೂ ಇವರು ‘ಅಕ್ಷರಕ್ಕ’.

“ಈ ವೈರಸ್ಸಿಗೆ ಬುದ್ಧಿ ಗಿದ್ಧಿ ಏನೂ ಇಲ್ಲ. ಬರೀ ಅವಸರ,” ಎನ್ನುತ್ತಾರೆ ಅಕ್ಷರಕ್ಕ. “ನಮ್ಮ ಜೀವಕೋಶದೊಳಗೆ ಹೊಕ್ಕು ತನ್ನ ಬರಹವನ್ನ ಗಡಿಬಿಡೀಲಿ ನಕಲು ಮಾಡುತ್ತೆ. ಸುಮಾರು ಹತ್ತು ಸಾವಿರ ಅಕ್ಷರ. ಬರೆದದ್ದನ್ನ ತಿರುಗಿ ನೋಡೋ ಅಭ್ಯಾಸವೇ ಇಲ್ಲ. ಕಲೆ ಅಂತ ಬರೀಬೇಕಾದ ಕಡೆ ಕೊಲೆ ಅಂತ ಬರೆದು ಮುಂದಕ್ಕೆ ಹೋಗಿಬಿಡುತ್ತೆ.”

ಇಂಥ ತಪ್ಪುಗಳಲ್ಲಿ ಬಹುಪಾಲು ವೈರಸ್ಸಿಗೇ ಮುಳುವಾಗುತ್ತವೆ. ಆದರೆ ಔಷಧಿ ಇಲ್ಲದ ದೇಹದಲ್ಲಿ ದಿನವೊಂದಕ್ಕೆ ನೂರಾರು ಕೋಟಿ ಹೊಸ ವೈರಸ್ಸುಗಳು ಹುಟ್ಟುತ್ತವೆ. ಅಷ್ಟು ನಕಲುಗಳಲ್ಲಿ ಎಲ್ಲೋ ಒಂದರ ತಪ್ಪು, ಔಷಧಿಯ ಕೈಗೆ ಸಿಗದ ಹಾಗೆ ಅದನ್ನು ಪಾರುಮಾಡುತ್ತದೆ. ಔಷಧಿ ಕೊಟ್ಟಾಗ ಉಳಿದವು ಸಾಯುತ್ತವೆ, ಅದೊಂದು ಬೆಳೆಯುತ್ತದೆ. ಕಣ್ಣಿಗೆ ಕಾಣದ ಜೀವಿಯೊಂದು ಬರೀ ಎಡವಿ ಎಡವಿಯೇ ದಾರಿ ಕಂಡುಕೊಳ್ಳುವ ಈ ಪರಿ ಕೇಳಿ ನನಗೆ ಮೈ ಜುಮ್ಮೆನ್ನುತ್ತದೆ. ಅಕ್ಷರಕ್ಕ ಮಾತ್ರ ಗುಡ್ಡಗಳ ಮೇಲಿಂದ ಕಣ್ಣು ಕೀಳುವುದಿಲ್ಲ. “ನನಗೂ ಇನ್ನೂ ಅಭ್ಯಾಸ ಆಗಿಲ್ಲ ನೋಡಿ,” ಎನ್ನುತ್ತಾರೆ.

ಈ ಕೆಲಸಕ್ಕೆ ಬರುವ ಮುಂಚೆಯೇ ಈ ವೈರಸ್ಸು ಅವರ ಮನೆಗೆ ಬಂದಿತ್ತು. ಅವರು ಕಾಲೇಜಿಗೆ ಹೋಗುತ್ತಿದ್ದಾಗ ಅಣ್ಣನಿಗೆ ಸೋಂಕು ತಗುಲಿತು. ಒಂದೇ ಬಗೆಯ ಮಾತ್ರೆ ಇದ್ದ ಕಾಲ ಅದು. ಮಾತ್ರೆ ಶುರುಮಾಡಿದ ಮೇಲೆ ಅಣ್ಣ ಚೇತರಿಸಿಕೊಂಡ, ಮೈ ತುಂಬಿಕೊಂಡ, ಕೆಲಸಕ್ಕೂ ಹೋದ. ವರ್ಷ ಕಳೆಯುವುದರೊಳಗೆ ಮತ್ತೆ ಹಾಸಿಗೆ ಹಿಡಿದ. ಅವನು ಮಾತ್ರೆಗಳನ್ನು ಕದ್ದು ಬಿಸಾಡುತ್ತಿದ್ದಾನೆ ಎಂದು ಅಮ್ಮನಿಗೆ ಅನುಮಾನ. ದಿಂಬಿನಡಿ ತಡಕಾಡುತ್ತಿದ್ದರು, ಕಿಟಕಿಯಾಚೆ ಬಗ್ಗಿ ನೋಡುತ್ತಿದ್ದರು. “ನುಂಗಿದ್ದೀನಮ್ಮ,” ಎಂದು ಅವನು ಕೊನೆಯವರೆಗೂ ಹೇಳಿದ. ಅಮ್ಮ ನಂಬಲಿಲ್ಲ.

ಅವನು ಹೋಗಿ ಎಷ್ಟೋ ವರ್ಷದ ಮೇಲೆ ಅಕ್ಷರಕ್ಕ ಈ ಪ್ರಯೋಗಾಲಯ ಸೇರಿದರು. ಒಂದೇ ಔಷಧಿ ಕೊಟ್ಟರೆ, ಎಷ್ಟೇ ಶಿಸ್ತಿನಿಂದ ನುಂಗಿದರೂ ವೈರಸ್ಸು ಬದಲಾಗಿ ತಪ್ಪಿಸಿಕೊಳ್ಳುತ್ತದೆ, ಅದಕ್ಕೇ ಈಗ ಎರಡು ಮೂರು ಔಷಧಿ ಸೇರಿಸಿ ಕೊಡುತ್ತಾರೆ ಎನ್ನುವುದು ಅವರಿಗೆ ಗೊತ್ತಾದದ್ದು ತರಬೇತಿಯ ಮೊದಲ ವಾರದಲ್ಲಿ. ಅಂದು ಸಂಜೆ ಮನೆಗೆ ಹೋದವರೇ ನೇರ ಅಡುಗೆಮನೆಗೆ ನಡೆದರು.

“‘ಅಮ್ಮ, ಅಣ್ಣ ಸುಳ್ಳು ಹೇಳಿರಲಿಲ್ಲ. ಮಾತ್ರೆ ನುಂಗಿದ್ರೂ ಹಾಗಾಗುತ್ತಂತೆ’ ಅಂದೆ. ಅಮ್ಮ ಒಲೆ ಆರಿಸಿದ್ರು. ಆಮೇಲೆ, ‘ಮಗು ಎಷ್ಟು ಸಲ ಹೇಳಿದ್ನಲ್ಲೇ’ ಅಂದ್ರು. ಅಲ್ಲೀವರೆಗೆ ಮನೇಲಿ ಅವನ ಹೆಸರೆತ್ತೋ ಹಾಗಿರಲಿಲ್ಲ. ಅವತ್ತಿಂದ ಅಮ್ಮಂಗೆ ದಿನಾ ಅವನದೇ ಮಾತು. ಅವನ ತುಂಟಾಟ, ಅವನ ಸೈಕಲ್ಲು, ಎಲ್ಲಾ.”

ಈಗ ವಾರಕ್ಕೆ ಇಪ್ಪತ್ತು ಮೂವತ್ತು ಮಾದರಿಗಳು ಅವರ ಕೈಗೆ ಬರುತ್ತವೆ. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ, ಹೆಸರಿಲ್ಲದೆ, ಬರೀ ನಂಬರು ಹೊತ್ತು. ಹನಿ ಹನಿ ಅಳೆಯುವ ಕೊಳವೆಯನ್ನು ಒತ್ತಿ ಒತ್ತಿ ಬಲಗೈ ಹೆಬ್ಬೆರಳು ಜಡ್ಡುಗಟ್ಟಿದೆ. ಚಳಿಗಾಲದಲ್ಲಿ ಅದು ಬಗ್ಗುವುದೇ ಇಲ್ಲ. “ಮನೇಲಿ ಡಬ್ಬಿ ಮುಚ್ಚಳ ತೆಗೆಯೋದು ನಮ್ಮ ಯಜಮಾನರ ಕೆಲಸ,” ಎಂದು ನಗುತ್ತಾರೆ.

ಕಳೆದ ವರ್ಷ ಬಂದ ಒಂದು ಮಾದರಿಯನ್ನು ಅವರು ಮರೆಯುವ ಹಾಗಿಲ್ಲ. ಏಳು ತಿಂಗಳ ಬಸುರಿಯ ರಕ್ತ ಎಂದು ಜೊತೆಗಿದ್ದ ಡಾಕ್ಟರ ಚೀಟಿ ಹೇಳುತ್ತಿತ್ತು. ಮೊದಲ ತಿಂಗಳುಗಳಲ್ಲಿ ವಾಂತಿ ಎಷ್ಟಿತ್ತೆಂದರೆ ನುಂಗಿದ ಮಾತ್ರೆಯೂ ನಿಲ್ಲುತ್ತಿರಲಿಲ್ಲ. ಆ ಸಂದಿಯಲ್ಲಿ ವೈರಸ್ಸು ಮತ್ತೆ ತಲೆಯೆತ್ತಿತ್ತು. ಹೆರಿಗೆಯೊಳಗೆ ಅದನ್ನು ತಗ್ಗಿಸದಿದ್ದರೆ ಮಗುವಿಗೂ ಅಪಾಯ. ಯಾವ ಔಷಧಿ ಇನ್ನೂ ಕೆಲಸ ಮಾಡುತ್ತದೆ ಎಂಬುದು ಆಕೆಯ ಡಾಕ್ಟರಿಗೆ ಬೇಗ ಗೊತ್ತಾಗಬೇಕಿತ್ತು.

ಆದರೆ ಎರಡು ಸಲ ಪರೀಕ್ಷೆ ಮಾಡಿದರೂ ಏನೂ ಸಿಗಲಿಲ್ಲ. ವೈರಸ್ಸನ್ನು ಓದಬೇಕಾದರೆ ಮೊದಲು ಅದರ ಬರಹದ ಒಂದು ತುದಿಗೆ ಅಂಟುವ ತುಣುಕೊಂದನ್ನು ಬಿಟ್ಟು, ಅಲ್ಲಿಂದ ಪ್ರತಿಗಳನ್ನು ತೆಗೆಯಬೇಕು. “ಹಿಡಿದು ಎತ್ತೋಣ ಅಂದ್ರೆ ಹಿಡಿಯೇ ಸಿಗ್ತಿಲ್ಲ. ಅದು ಬದಲಾಗಿದ್ದು ನಾವು ಹಿಡಿಯೋ ಜಾಗದಲ್ಲೇ ಇರಬಹುದು ಅನ್ನಿಸ್ತು,” ಎನ್ನುತ್ತಾರೆ. ರಕ್ತದ ಶೀಶೆಯಲ್ಲಿ ಉಳಿದದ್ದು ಇನ್ನೊಂದೇ ಸಲಕ್ಕೆ ಸಾಲುವಷ್ಟು. ಡಾಕ್ಟರಿಗೆ ಫೋನ್ ಮಾಡಿದರು.

“ಮತ್ತೆ ರಕ್ತ ತರಿಸೋಣ್ವಾ? ಆಕೆಯ ಊರು ದೂರ. ಹತ್ತು ದಿನ ಹೋಗಿಬಿಡುತ್ತೆ,” ಎಂದರು ಡಾಕ್ಟರು.

“ಬೇಡ ಮೇಡಂ. ಬೇರೆ ಕಡೆಯಿಂದ ಹಿಡಿದು ನೋಡ್ತೀನಿ. ಬರಲಿಲ್ಲ ಅಂದ್ರೆ ನಾಳೆಯೇ ಹೇಳ್ತೀನಿ.”

ಬರಹದ ಇನ್ನೂ ಸ್ವಲ್ಪ ಹಿಂದಿನ ಜಾಗಕ್ಕೆ ಅಂಟುವ ತುಣುಕನ್ನು ಫ್ರೀಜರಿನಿಂದ ತೆಗೆದು, ಉಳಿದ ಹನಿಗಳನ್ನು ಅದಕ್ಕೆ ಸೇರಿಸಿದರು. ಮರುದಿನ ಪರದೆಯ ಮೇಲೆ ಗುಡ್ಡಗಳು ಎದ್ದು ನಿಂತಿದ್ದವು. ಒಂದು ಕಡೆ ಕಪ್ಪು ಗುಡ್ಡದ ಒಳಗೆ ಸಣ್ಣದೊಂದು ಹಸಿರು ಗುಡ್ಡ. ಹಳೆಯ ವೈರಸ್ಸು ಹಸಿರು, ಬದಲಾದದ್ದು ಕಪ್ಪು. ಒಂದೇ ರಕ್ತದಲ್ಲಿ ಎರಡೂ ಇದ್ದವು. ಒಂದು ಹೋಗುತ್ತಿತ್ತು, ಇನ್ನೊಂದು ಅದರ ಜಾಗಕ್ಕೆ ಬರುತ್ತಿತ್ತು. “ಅದು ಬದಲಾಗ್ತಿರೋವಾಗಲೇ ನನ್ನ ಕಣ್ಣಿಗೆ ಬಿತ್ತು. ಎದ್ದು ಹೋಗಿ ನೀರು ಕುಡಿದು ಬಂದೆ,” ಎನ್ನುತ್ತಾರೆ.

ಆ ಒಂದಕ್ಷರದಿಂದ ಸೋತ ಔಷಧಿ ಯಾವುದೆಂದು ತಿಳಿಯಿತು. ಡಾಕ್ಟರು ಆ ಸಂಜೆಯೇ ಔಷಧಿ ಬದಲಿಸಿದರು. ಹೆರಿಗೆಯ ಹೊತ್ತಿಗೆ ತಾಯಿಯ ರಕ್ತದಲ್ಲಿ ವೈರಸ್ಸು ಅಳತೆಗೆ ಸಿಗದಷ್ಟು ತಗ್ಗಿತ್ತು. ಹೆಣ್ಣುಮಗು ಹುಟ್ಟಿತು. ಆರು ವಾರಕ್ಕೆ ಆ ಮಗುವಿನ ರಕ್ತವೂ ಪರೀಕ್ಷೆಗೆ ಇಲ್ಲಿಗೇ ಬಂತು. ಮುಂದಿನ ತಿಂಗಳುಗಳಲ್ಲಿ ಮತ್ತೆ ಮತ್ತೆ ಬಂತು, ಕಡೆಯ ಪರೀಕ್ಷೆಯವರೆಗೂ.

ತಾಯಿಯನ್ನಾಗಲಿ ಮಗುವನ್ನಾಗಲಿ ಅಕ್ಷರಕ್ಕ ನೋಡಿಲ್ಲ. ನೋಡುವ ಆಸೆಯೂ ಇಲ್ಲವಂತೆ. ಕಡೆಯ ಪರೀಕ್ಷೆಯ ದಿನ ಏನಾಯಿತೆಂದು ಕೇಳುತ್ತೇನೆ. ಅವರು ಕನ್ನಡಕ ಒರೆಸಿಕೊಳ್ಳುತ್ತಾರೆ.

“ಪರೀಕ್ಷೆ ಸರಿಯಾಗಿ ನಡೆದಿದೆಯಾ ಅಂತ ಮೊದಲು ನೋಡಿದೆ. ನಡೆದಿತ್ತು. ಆಮೇಲೆ ಮಗುವಿನದು ನೋಡಿದೆ. ಇಷ್ಟು ವರ್ಷ ಓದೋದೇ ನನ್ನ ಕೆಲಸ ಅಂದ್ಕೊಂಡಿದ್ದೆ. ಅವತ್ತು ಓದೋಕೆ ವೈರಸ್ಸೇ ಇರಲಿಲ್ಲ. ಆದ್ರೂ ಎಷ್ಟೋ ಹೊತ್ತು ನೋಡ್ತಾನೇ ಕೂತಿದ್ದೆ.”