ಬೋರ್ಡಿನ ನಡುವಿನ ಗೆರೆ

ಭಾಲ್ಕಿಯ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದಷ್ಟು ಕಾಲವೂ ತರಗತಿಗೆ ಹೋದೊಡನೆ ಬೋರ್ಡಿನ ನಡುವೆ ಮೇಲಿಂದ ಕೆಳಗೆ ಒಂದು ಗೆರೆ ಎಳೆಯುತ್ತಿದ್ದೆ. ಎಡಕ್ಕೆ ಇಂಗ್ಲಿಷ್, ಬಲಕ್ಕೆ ಕನ್ನಡ. ಎಡಭಾಗ ಪರೀಕ್ಷೆಗೆ, ಬಲಭಾಗ ತಲೆಗೆ.

ಭಾಷಾಪ್ರೇಮವೆಂದು ಯಾರೂ ಹೊಗಳಬೇಕಾಗಿಲ್ಲ. ನಮ್ಮ ವಿದ್ಯಾರ್ಥಿಗಳು ಇಂಗ್ಲಿಷಿನ ಪ್ರಮೇಯವನ್ನು ಉಸಿರು ಬಿಡದೆ ಒಪ್ಪಿಸುತ್ತಿದ್ದರು. ಎಕ್ಸ್ ಇದ್ದಲ್ಲಿ ಟಿ ಹಾಕಿ ಕೇಳಿದರೆ ಮಾತ್ರ, "ಅದು ಸಿಲೆಬಸ್‌ನಾಗ ಇಲ್ರಿ ಸರ್" ಎನ್ನುತ್ತಿದ್ದರು. ವಿಶ್ವವಿದ್ಯಾಲಯದಲ್ಲಿ ನಾನು ಪಾಸಾದದ್ದೂ ಹೀಗೆಯೇ. ಹಾಗಾಗಿ ಗೆರೆ.

ಹೊರಗಿನ ತಜ್ಞರೊಬ್ಬರು ತರಗತಿ ನೋಡಲು ಬರುವ ಹಿಂದಿನ ದಿನ ಪ್ರಾಂಶುಪಾಲರು ಕರೆದರು.

"ನಾಳಿ ಬೋರ್ಡ್ ಮ್ಯಾಲ ಕನ್ನಡ ಬ್ಯಾಡ್ರಿ. ಗಣಿತ ಅದ ಅದು, ಭಜನಿ ಅಲ್ಲ."

"ತಿಳೀದ ಹಾಡೋದೇ ಭಜನಿರಿ ಸರ್. ಅದು ಇಂಗ್ಲಿಷಿನಾಗ ನಡದದ."

"ಔರಾದದಾಗ ನಮ್ದೇ ಸಂಸ್ಥಾದ ಕಾಲೇಜ್ ಅದ. ಗಣಿತದ ಜಾಗಾ ಖಾಲಿ ಅದ. ನೆನಪಿರ್ಲಿ."

"ಅಲ್ಲಿ ಬೋರ್ಡ್ ಅದನ್ರಿ?"

ಬೀದರಿನ ಮನೆಯಿಂದ ಭಾಲ್ಕಿಗೆ ರೈಲಿನಲ್ಲಿ ಓಡಾಡುವವನಿಗೆ ರೈಲಿಲ್ಲದ ಔರಾದವೆಂದರೆ ಶಿಕ್ಷೆ ಎಂದು ಅವರು ಲೆಕ್ಕ ಹಾಕಿದ್ದರು.

ಮರುದಿನ ತಜ್ಞರು ಹಿಂದಿನ ಬೆಂಚಿನಲ್ಲಿ ಕುಳಿತಿದ್ದಾಗಲೇ ಗೆರೆ ಎಳೆದೆ. ಅವರು ಸಾಯಗಾಂವದ ಹುಡುಗಿಯೊಬ್ಬಳನ್ನು ಎಬ್ಬಿಸಿ ಮಿತಿಯ, ಅಂದರೆ ಲಿಮಿಟ್‌ನ, ವ್ಯಾಖ್ಯೆ ಕೇಳಿದರು. ಇಂಗ್ಲಿಷಿನಲ್ಲಿ ಚೆನ್ನಾಗಿ ಒಪ್ಪಿಸಿದಳು. ಎಕ್ಸ್ ಬದಲು ಟಿ ಇದ್ದರೆ ಎಂದು ತಜ್ಞರು ಕೇಳಿದರು. ಅವಳು ಬೋರ್ಡಿನ ಬಲಭಾಗ ನೋಡಿ ಹೇಳಿದಳು: "ಯಾವ ಅಕ್ಷರ ಇದ್ರೇನ್ರಿ? ಎಷ್ಟು ಹತ್ರ ಬೇಕು ನೀವು ಹೇಳ್ರಿ, ಅಷ್ಟು ಹತ್ರ ನಾ ತಂದು ತೋರಸ್ತೇನಿ."

ಮಿತಿಯನ್ನು ಇದಕ್ಕಿಂತ ಸರಿಯಾಗಿ ಹೇಳುವುದು ನನಗೂ ಗೊತ್ತಿಲ್ಲ. ತಜ್ಞರು ಮಾತ್ರ ಬೋಧನಾ ಭಾಷೆ ಕಲಬೆರಕೆಯಾಗಿದೆ ಎಂದು ವರದಿ ಕೊಟ್ಟರು. ಔರಾದಕ್ಕೆ ವರ್ಗಾವಣೆಯ ಆದೇಶ ಬಂತು.

ಆ ದಿನ ತಜ್ಞರಿಗೆ ನಾನೊಂದು ಖಡಕ್ ಭಾಷಣ ಮಾಡಿದ್ದೆನೆಂದು ವರ್ಷಗಟ್ಟಲೆ ಹೇಳಿಕೊಂಡು ತಿರುಗಿದ್ದೇನೆ. ಈಚೆಗೆ ಬೀದರಿನ ಬಸ್ ನಿಲ್ದಾಣದಲ್ಲಿ ಆ ಹುಡುಗಿ ಸಿಕ್ಕಳು. ಈಗ ಅವಳೂ ಗಣಿತದ ಶಿಕ್ಷಕಿ. ಭಾಷಣದ ಮಾತೆತ್ತಿದರೆ ನಕ್ಕಳು.

"ಭಾಷಣ ಎಲ್ಲೀದ್ರಿ ಸರ್? ನೀವು ಗಪ್‌ಚುಪ್ ನಿಂತಿದ್ರಿ. ಕೈಯಾಗ ಚಾಕ್ ಇತ್ತು, ಅಷ್ಟೇ."

ಇರಬಹುದು. ನನ್ನ ನೆನಪು ನನ್ನ ಕಡೆಗೇ ವಾಲುತ್ತದೆ. ಅದಕ್ಕೇ ಕೇಳಿದೆ: "ಗೆರಿ?"

"ಗೆರಿ ಇತ್ರೀ. ನಾನೂ ಈಗ ಎಳೀತೇನಿ."

ಅಷ್ಟು ಸಾಕು. ಔರಾದದ ಮೊದಲ ದಿನಕ್ಕಂತೂ ಸಾಕ್ಷಿ ಬೇಕಿಲ್ಲ, ಆ ದಿನ ಶುರುವಾದದ್ದು ಅಲ್ಲಿ ಇಂದಿಗೂ ನಡೆಯುತ್ತಿದೆ. ಅಂದು ಗೆರೆ ಎಳೆದು ತರಗತಿಯತ್ತ ತಿರುಗಿದೆ. ಮನೆಯಲ್ಲಿ ಯಾವ ಭಾಷೆ ಎಂದು ಕೇಳಿದರೆ ಅರ್ಧ ತರಗತಿ, "ಮರಾಠೀರಿ ಸರ್" ಎಂದಿತು. ಇನ್ನೊಂದು ಗೆರೆ ಎಳೆದೆ. ಮರಾಠಿಯಲ್ಲಿ ಗಣಿತ ಬರೆಯಲು ನನಗೆ ಬಾರದು. ಚಾಕನ್ನು ಮುಂದಿನ ಬೆಂಚಿಗೆ ಕೊಟ್ಟು, ಬೋರ್ಡಿನಿಂದ ಪಕ್ಕಕ್ಕೆ ಸರಿದು ನಿಂತೆ.